ಕ್ಯೂಪ್ರಾಂಪ್ಟ್: ಕನ್ನಡ ಬುಲೆಟಿನ್‌ಗೆ ಎಷ್ಟರ ಮಟ್ಟಿಗೆ ಒಗ್ಗುತ್ತದೆ?

ಟೆಲಿಪ್ರಾಂಪ್ಟರ್, ಅಂದರೆ ಲೆನ್ಸಿನ ಮುಂದಿನ ಗಾಜಿನಲ್ಲಿ ಸ್ಕ್ರಿಪ್ಟ್ ಮೂಡಿಸಿ ಆಂಕರ್‌ಗೆ ಓದಲು ಕೊಡುವ ಸಾಧನ, ಕೊಳ್ಳಲು ಹೊರಟವರು ಪರದೆ ಎಷ್ಟು ಇಂಚು, ಗಾಜು ಯಾರದು, ಸ್ಟ್ಯಾಂಡ್ ಗಟ್ಟಿಯಾಗಿದೆಯೇ ಎಂದು ವಿಚಾರಿಸುತ್ತಾರೆ. ಕನ್ನಡದ ಸ್ಟುಡಿಯೊದಲ್ಲಿ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅಕ್ಷರ. 'ಸ್ವಾತಂತ್ರ್ಯ', 'ರಾಷ್ಟ್ರೀಯ', 'ರ‍್ಯಾಲಿ' ಈ ಮೂರು ಪದಗಳನ್ನು ಪರದೆಗೆ ಹಾಕಿ 12 ಅಡಿ ದೂರ ನಿಂತು ಓದಿ. ಒತ್ತು ಕಳಚಿ ಪಕ್ಕಕ್ಕೆ ಬಿದ್ದಿದ್ದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ, ಆ ಪ್ರಾಂಪ್ಟರ್‌ಗೆ ಎಷ್ಟು ಲಕ್ಷ ಸುರಿದರೂ ಆಂಕರ್ ತಡವರಿಸುವುದು ತಪ್ಪುವುದಿಲ್ಲ. ಈ ಪರೀಕ್ಷೆಯಲ್ಲಿ ಕ್ಯೂಪ್ರಾಂಪ್ಟ್ ಚೆನ್ನಾಗಿ ಪಾಸಾಗುತ್ತದೆ. ಉಚಿತವಾಗಿ ಸಿಗುವ ಈ ಸಾಫ್ಟ್‌ವೇರನ್ನು ಸಣ್ಣ ಕನ್ನಡ ಸ್ಟುಡಿಯೊಗಳಿಗೆ ಧೈರ್ಯವಾಗಿ ಶಿಫಾರಸು ಮಾಡಲು ಮೊದಲ ಕಾರಣ ಅದೇ. ದೊಡ್ಡ ಸುದ್ದಿವಾಹಿನಿಗೆ ಇದು ಸಾಲದು. ಯಾಕೆಂಬುದು ಮುಂದೆ ಬರುತ್ತದೆ.

ಕ್ಯೂಪ್ರಾಂಪ್ಟ್ ಮುಕ್ತ ಮೂಲದ ಸಾಫ್ಟ್‌ವೇರ್, ಜಿಪಿಎಲ್ 3 ಪರವಾನಗಿಯದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬರೆದವರು ಹವಿಯೇರ್ ಕೊರ್ಡೆರೊ. ಇಮ್ಯಾಜಿನರಿ ಟೆಲಿಪ್ರಾಂಪ್ಟರ್ ಎಂಬ ಹಳೆಯ ಸಾಫ್ಟ್‌ವೇರ್‌ನ ಹಿಂದೆಯೂ ಅವರೇ ಇದ್ದರು. ಅದು ಬ್ರೌಸರ್ ತಂತ್ರಜ್ಞಾನದ ಮೇಲೆ ನಿಂತಿತ್ತು. ಕ್ಯೂಪ್ರಾಂಪ್ಟ್ ಅನ್ನು ಕ್ಯೂಟಿ ಎಂಬ ಚೌಕಟ್ಟಿನ ಮೇಲೆ ಹೊಸದಾಗಿ ಕಟ್ಟಿದ್ದಾರೆ. ಇಲ್ಲಿ ಹೇಳುತ್ತಿರುವುದೆಲ್ಲ 1.1 ಸಾಲಿನ ಆವೃತ್ತಿಗಳ ಮಾತು.

ಕ್ಯೂಟಿ ಮೇಲೆ ಕಟ್ಟಿದ್ದರಿಂದ ಕನ್ನಡಕ್ಕೆ ನೇರ ಲಾಭವಾಗಿದೆ. ಅಕ್ಷರ ಜೋಡಿಸುವ ಕೆಲಸವನ್ನು ಕ್ಯೂಟಿ ಹಾರ್ಫ್‌ಬಜ್‌ಗೆ ಒಪ್ಪಿಸುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡ ಮೂಡಿಸುವುದೂ ಅದೇ ಲೈಬ್ರರಿ. ಹಾಗಾಗಿ ಸ್ಕ್ರಿಪ್ಟನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ತೆರೆದು ನೋಡಿ: ಅಲ್ಲಿ ಸರಿಯಾಗಿ ಕಂಡದ್ದು ಇಲ್ಲೂ ಸರಿಯಾಗಿಯೇ ಕಾಣುತ್ತದೆ. ಲ್ಯಾಟಿನ್ ಲಿಪಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಹಳೆಯ ಪ್ರಾಂಪ್ಟರ್ ಸಾಫ್ಟ್‌ವೇರ್‌ಗಳಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ವ್ಯಂಜನ, ಹಲಂತದ ಗುರುತು, ವ್ಯಂಜನ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಅದಕ್ಕೇ ಹಲವು ಕಡೆ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲೇ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟಿನಲ್ಲೇ, ಸ್ಕ್ರಿಪ್ಟ್ ಹರಿಸುವ ರೂಢಿ ಉಳಿದುಕೊಂಡಿದೆ.

ಆಸ್ಕಿಯಲ್ಲಿ ಬಂದ ಸ್ಕ್ರಿಪ್ಟನ್ನು ಕ್ಯೂಪ್ರಾಂಪ್ಟ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಕಾಣುತ್ತದೆ. ನುಡಿ ಫಾಂಟ್ ಆಯ್ಕೆ ಮಾಡಿದರೆ ಓದಲು ಬರುತ್ತದೆ ನಿಜ, ಆದರೆ ತಿದ್ದಲು ಹೋದಾಗ ಕರ್ಸರ್ ಅಕ್ಷರದ ತುಂಡುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಅಳಿಸಿದರೆ ಕೊಂಬು ಮಾತ್ರ ಹೋಗಿ ಅಕ್ಷರ ಉಳಿಯುತ್ತದೆ. ಬುಲೆಟಿನ್ ಓಡುತ್ತಿರುವಾಗ ಇಂಥ ತೊಡಕು ಬೇಡ. ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಾಡಿಸಬೇಕು: ಅರ್ಕಾವೊತ್ತು ಇರುವ ಪದಗಳು, ಎರಡೆರಡು ಒತ್ತು ಬರುವ ಪದಗಳು, ಮತ್ತು ಅಂಕಿಗಳು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಯುನಿಕೋಡ್‌ನಲ್ಲೇ ಬರೆದ ಸ್ಕ್ರಿಪ್ಟಿಗೂ ಎರಡು ಕಾಯಿಲೆಗಳಿವೆ. 'ರ‍್ಯಾಲಿ', 'ರ‍್ಯಾಂಕ್' ಬರೆಯುವಾಗ ರಕಾರದ ಬೆನ್ನಿಗೇ ಕೂಡುಗುರುತು, ಅಂದರೆ ಕಣ್ಣಿಗೆ ಕಾಣದ ಜೋಡಕ, ಹಾಕದಿದ್ದರೆ 'ರ್ಯಾಲಿ' ಆಗಿ ಯಕಾರಕ್ಕೆ ಅರ್ಕಾವೊತ್ತು ಅಂಟುತ್ತದೆ. ಹೊಸ ಆಂಕರ್ ಅಲ್ಲಿ ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಎರಡನೆಯದು ಇದರ ತದ್ವಿರುದ್ಧ. 'ಸಾಫ್ಟ್‌ವೇರ್', 'ಪಾಸ್‌ಪೋರ್ಟ್', 'ಇನ್‌ಸ್ಪೆಕ್ಟರ್' ಪದಗಳಲ್ಲಿ ಬಿಡಿಸುಗುರುತು, ಅಂದರೆ ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತು, ಇಲ್ಲದಿದ್ದರೆ 'ಸಾಫ್ಟ್ವೇರ್' ಎಂದು ಫಕಾರದ ಕೆಳಗೆ ಒತ್ತಿನ ಮೇಲೆ ಒತ್ತು ಪೇರಿಸಿಕೊಳ್ಳುತ್ತದೆ. ಕಾಗದದಲ್ಲಿ ಹೇಗೋ ಓದಬಹುದು, 12 ಅಡಿಯಿಂದ ಆಗದು. ಈ ತಪ್ಪು ಡೆಸ್ಕಿನಿಂದ ದಿನವೂ ಬರುವಂಥದ್ದು. ಸುದ್ದಿಯಲ್ಲಿ ಪದೇಪದೇ ಬರುವ ಇಂಥ ಐವತ್ತು ಅರವತ್ತು ಪದಗಳನ್ನು ಸರಿಯಾಗಿ ಬರೆದು ಒಂದು ಫೈಲಿನಲ್ಲಿ ಇಟ್ಟುಕೊಂಡು, ಪ್ರತಿ ಸ್ಕ್ರಿಪ್ಟಿಗೂ ಹುಡುಕಿ ಬದಲಿಸುವುದನ್ನು ಅಭ್ಯಾಸ ಮಾಡಿಕೊಂಡರೆ ಆಪರೇಟರ್‌ಗೂ ಆಂಕರ್‌ಗೂ ನೆಮ್ಮದಿ.

ವರ್ಡ್‌ನಿಂದ ನೇರವಾಗಿ ಅಂಟಿಸಬೇಡಿ. ಅಲ್ಲಿನ ಬಣ್ಣ, ಗಾತ್ರ, ಫಾಂಟ್ ಎಲ್ಲವೂ ಜೊತೆಗೇ ಬಂದುಬಿಡುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಬಂದು ಅರ್ಧ ಸುದ್ದಿ ಮಾಯವಾದಂತೆ ಕಾಣುವುದು ಇದರಿಂದಲೇ. ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ಅಂಟಿಸಿ, ಅಲ್ಲಿಂದ ಎತ್ತಿ ಇಲ್ಲಿ ಹಾಕಿದರೆ ಬರೀ ಪಠ್ಯ ಬರುತ್ತದೆ.

ಫಾಂಟಿನ ಆಯ್ಕೆಗೆ ಸ್ವಲ್ಪ ಸಮಯ ಕೊಡಬೇಕು. ದೂರದಿಂದ ಓದಲು ದಪ್ಪ ಅಕ್ಷರವೇ ಒಳ್ಳೆಯದೆಂದು ಅತಿ ದಪ್ಪದ ತೂಕ ಆರಿಸಿಕೊಳ್ಳುವವರೇ ಹೆಚ್ಚು. ಕನ್ನಡದಲ್ಲಿ ಅದು ತಿರುಗಿಬೀಳುತ್ತದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ವ್ಯತ್ಯಾಸವೆಲ್ಲ ಇರುವುದು ಬುಡದ ಒಂದು ಸಣ್ಣ ಸೀಳು ಗೀಟಿನಲ್ಲಿ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ ಕಣ್ಣಿಗೆ ಇದ್ದದ್ದಕ್ಕಿಂತ ದಪ್ಪವಾಗಿ ಕಾಣುವುದರಿಂದ ಆ ಸೀಳು ಮುಚ್ಚಿಹೋಗುತ್ತದೆ, 'ಧನ' 'ದನ'ವಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದ ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು. ಅನೇಕ್ ಕನ್ನಡದಲ್ಲಿ ಅಕ್ಷರದ ಅಗಲವನ್ನೂ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಸಾಲಿಗೆ ಎರಡು ಅಕ್ಷರ ಹೆಚ್ಚು ಹಿಡಿಸಬೇಕಾದಾಗ ಗಾತ್ರ ಇಳಿಸುವ ಬದಲು ಅದರ ಕಿರಿದಾದ ರೂಪ ಬಳಸಬಹುದು. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಕೂಡ ನಡೆಯುತ್ತದೆ, ಬೋಲ್ಡ್ ಮಾಡಿಕೊಂಡರೆ. ಬಲೂ ತಮ್ಮ ಶೀರ್ಷಿಕೆಗೆ ಸೊಗಸು, ಪ್ರಾಂಪ್ಟರ್‌ಗೆ ಬೇಡ. ಗೀಟುಗಳ ದಪ್ಪ ತೀರಾ ಏರಿಳಿಯುವ ಪುಸ್ತಕದ ಫಾಂಟುಗಳೂ ಬೇಡ, ಅಕ್ಷರ ಚಲಿಸುವಾಗ ತೆಳು ಗೀಟುಗಳು ಮಿನುಗುತ್ತವೆ.

ಗಾತ್ರದ ಲೆಕ್ಕ ಹೀಗೆ. 12 ಅಡಿಯಿಂದ ಕಣ್ಣು ಕಿರಿದು ಮಾಡದೆ ಓದಬೇಕಾದರೆ ಮೂಲ ಅಕ್ಷರದ ಎತ್ತರ ಸುಮಾರು 20 ಮಿಲಿಮೀಟರ್ ಇರಬೇಕು. 17 ಇಂಚಿನ ಅಗಲ ಪರದೆಯ ಎತ್ತರ 21 ಸೆಂಟಿಮೀಟರ್. ಇಂಗ್ಲಿಷ್ ಆಗಿದ್ದರೆ ಅದರಲ್ಲಿ ಏಳು ಸಾಲು ಕೂರುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಎರಡು ಒತ್ತು, ಇವಕ್ಕೂ ಜಾಗ ಬೇಕು. ಸಾಲಿಗೆ 4 ರಿಂದ 4.5 ಸೆಂಟಿಮೀಟರ್ ಬಿಟ್ಟರೆ ಪರದೆಯಲ್ಲಿ ನಿಲ್ಲುವುದು ಐದು ಸಾಲು ಮಾತ್ರ. ಅಗಲದಲ್ಲಿ 14 ರಿಂದ 16 ಅಕ್ಷರ, ಅಂದರೆ ಸಾಧಾರಣವಾಗಿ ಮೂರು ಪದ. 'ಮುಂದುವರಿಸಬೇಕಾಗಿರುವುದರಿಂದ' ಎಂದು ಬರೆದರೆ ಒಂದು ಸಾಲು ಪೂರ್ತಿ ಅದಕ್ಕೇ ಹೋಯಿತು. ಡೆಸ್ಕಿನವರಿಗೆ ಈ ಪರದೆಯನ್ನು ಒಮ್ಮೆ ತೋರಿಸಿದರೆ ವಾಕ್ಯಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಐದೇ ಸಾಲು ಕಾಣುವುದರಿಂದ ಆಂಕರ್‌ಗೆ ಮುಂದೇನು ಬರುತ್ತದೆಂದು ತಿಳಿಯಲು ಸಿಗುವ ಅವಕಾಶ ಕಡಿಮೆ. ಓದುವ ಸಾಲಿನ ಗುರುತನ್ನು ಪರದೆಯ ನಡುವಿಗಿಂತ ತುಸು ಮೇಲಿಡಿ, ಕೆಳಗೆ ಮೂರು ಸಾಲು ಕಾಣಲಿ. ಕ್ಯೂಪ್ರಾಂಪ್ಟ್‌ನಲ್ಲಿ ಈ ಓದುವ ಪಟ್ಟಿಯನ್ನು ಮೇಲೆ, ನಡುವೆ, ಕೆಳಗೆ ಅಥವಾ ಬೇಕೆಂದಲ್ಲಿ ಇಡಬಹುದು. ಪಕ್ಕದಲ್ಲಿ ಬಾಣದ ಗುರುತೂ ಬರುತ್ತದೆ. ಕ್ಯಾಮೆರಾ 5 ಅಡಿ ಹತ್ತಿರದಲ್ಲಿದ್ದರೆ ಮಾತ್ರ ಪಟ್ಟಿ ಲೆನ್ಸಿನ ನೇರಕ್ಕೇ ಇರಬೇಕು, ಇಲ್ಲವಾದರೆ ಆಂಕರ್ ನೋಡುಗರ ಹಣೆ ನೋಡಿ ಮಾತಾಡಿದಂತೆ ಕಾಣುತ್ತದೆ. ಹತ್ತಿರದ ಕ್ಯಾಮೆರಾಗೆ ಪಠ್ಯದ ಅಗಲವನ್ನೂ ಕುಗ್ಗಿಸಬೇಕು. 17 ಇಂಚಿನ ಪರದೆಯ ಪೂರ್ತಿ ಅಗಲ 12 ಅಡಿಯಿಂದ 6 ಡಿಗ್ರಿ; 5 ಅಡಿಯಿಂದ 14 ಡಿಗ್ರಿ. ಅಷ್ಟಾದರೆ ಕಣ್ಣುಗುಡ್ಡೆ ಎಡಬಲ ಓಡುವುದು ಮನೆಯಲ್ಲಿ ಕೂತವರಿಗೂ ತಿಳಿಯುತ್ತದೆ. ಮಾರ್ಜಿನ್ ಹೆಚ್ಚಿಸಿ ಅಕ್ಷರದ ಗಾತ್ರ ಇಳಿಸಿ.

ಅಂಕಿ ಬರೆಯುವ ಕ್ರಮವನ್ನು ಆಂಕರ್ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. 2,45,00,000 ಎಂದು ಬಂದರೆ ಸೊನ್ನೆ ಎಣಿಸುತ್ತಾ ನಿಲ್ಲಬೇಕಾಗುತ್ತದೆ, '2 ಕೋಟಿ 45 ಲಕ್ಷ' ಎಂದರೆ ಓದು ಓಡುತ್ತದೆ. ಬೈಟ್ (ರೆಕಾರ್ಡ್ ಆದ ಹೇಳಿಕೆ), ಫೋನೋ (ಫೋನ್ ಮಾತುಕತೆ), ಲೈವ್, ಬ್ರೇಕ್ ಮುಂತಾದ ಸೂಚನೆಗಳನ್ನು ಹಳದಿ ಅಥವಾ ಕೆಂಪು ಬಣ್ಣದಲ್ಲಿ ಪ್ರತ್ಯೇಕ ಸಾಲಿನಲ್ಲಿ ಹಾಕಿ. ಓದುವ ಸಾಲಿನೊಳಗೆ ಸೇರಿಸಿದರೆ ಯಾರಾದರೊಬ್ಬರು ಒಂದಲ್ಲ ಒಂದು ದಿನ 'ಬೈಟ್' ಎಂದು ಗಟ್ಟಿಯಾಗಿ ಓದಿಬಿಡುತ್ತಾರೆ.

ಇನ್ನು ವೇಗ. ಪ್ರಾಂಪ್ಟರ್ ಆಪರೇಟರ್‌ನ ಕಸುಬು ಎಂದರೆ ಇದೇ. ಆಂಕರ್ ಪ್ರಾಂಪ್ಟರನ್ನು ಹಿಂಬಾಲಿಸಬಾರದು, ಪ್ರಾಂಪ್ಟರ್ ಆಂಕರನ್ನು ಹಿಂಬಾಲಿಸಬೇಕು. ಅವರು ಬಾಯಲ್ಲಿ ಆಡುತ್ತಿರುವ ಸಾಲು ಬಾಣದ ಎದುರೇ ಇರಬೇಕು. ಒಮ್ಮೆ ಪರದೆ ಮುಂದೆ ಓಡಿದರೆ ಆಂಕರ್ ಅವಸರಪಡುತ್ತಾರೆ, ಅವಸರ ಕಂಡು ಆಪರೇಟರ್ ಇನ್ನೂ ವೇಗ ಕೊಡುತ್ತಾರೆ, ಎರಡು ನಿಮಿಷದ ಸುದ್ದಿ ಒಂದೂವರೆ ನಿಮಿಷಕ್ಕೆ ಮುಗಿದು ಪಿಸಿಆರ್‌ನಲ್ಲಿ (ಪ್ರಸಾರ ನಿಯಂತ್ರಣ ಕೊಠಡಿಯಲ್ಲಿ) ಎಲ್ಲರೂ ಪರದಾಡುತ್ತಾರೆ.

ಕ್ಯೂಪ್ರಾಂಪ್ಟ್ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತದೆ. ಒಂದು ಬಾಣದ ಕೀ ಒತ್ತಿದರೆ ಒಂದು ಮೆಟ್ಟಿಲು ಹೆಚ್ಚು, ಇನ್ನೊಂದು ಒತ್ತಿದರೆ ಕಡಿಮೆ. ಸೊನ್ನೆ ದಾಟಿ ಇಳಿಸಿದರೆ ಪಠ್ಯ ಹಿಂದಕ್ಕೆ ಹರಿಯುತ್ತದೆ. ಮೂಲ ವೇಗವನ್ನೂ, ಮೆಟ್ಟಿಲುಗಳ ನಡುವಿನ ಏರಿಕೆಯನ್ನೂ ಸೆಟ್ಟಿಂಗ್‌ನಲ್ಲಿ ಹೊಂದಿಸಬಹುದು. ಇದನ್ನು ಬಂದ ಹಾಗೆಯೇ ಬಿಟ್ಟು ಕೆಲಸ ಶುರುಮಾಡಬಾರದು. ಆಂಕರ್‌ನಿಂದ ಮಾಮೂಲಿ ಗತಿಯಲ್ಲಿ ಒಂದು ಪುಟ ಓದಿಸಿ, ಅವರ ಗತಿ ಮೂರನೆಯ ಅಥವಾ ನಾಲ್ಕನೆಯ ಮೆಟ್ಟಿಲಿಗೆ ಬರುವಂತೆ ಮೂಲ ವೇಗ ಹೊಂದಿಸಿ. ಆಗ ಮೇಲೂ ಕೆಳಗೂ ಕೈಯಾಡಿಸಲು ಜಾಗ ಉಳಿಯುತ್ತದೆ. ಗತಿ ಮೊದಲ ಮೆಟ್ಟಿಲಿನಲ್ಲೇ ಸಿಕ್ಕಿಬಿಟ್ಟರೆ ಒಂದು ಒತ್ತಿಗೆ ವೇಗ ಹಠಾತ್ತನೆ ನೆಗೆಯುತ್ತದೆ, ಪಠ್ಯ ಕುಲುಕುತ್ತದೆ. ನಿಮಿಷಕ್ಕೆ 150 ಪದ ಎಂಬ ಇಂಗ್ಲಿಷ್ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕನ್ನಡದ ಪದ ಉದ್ದ. ಪ್ರತಿ ಆಂಕರ್‌ಗೂ ಗಡಿಯಾರ ಹಿಡಿದು ಅಳೆದು ಬರೆದಿಟ್ಟುಕೊಳ್ಳುವುದೇ ಸರಿ.

ಕೀಬೋರ್ಡಿನಲ್ಲಿ ಇಡೀ ಬುಲೆಟಿನ್ ನಡೆಸುವುದು ಕಷ್ಟ. ದುಬಾರಿ ಪ್ರಾಂಪ್ಟರ್‌ಗಳ ಕೈ ನಿಯಂತ್ರಕದಲ್ಲಿ ಚಕ್ರ ನಡುವೆ ಬಂದಾಗ ಬೆರಳಿಗೆ ಗೊತ್ತಾಗುವ ಒಂದು ತಡೆ ಇರುತ್ತದೆ, ಪರದೆ ನೋಡದೆಯೇ ಸೊನ್ನೆ ಸಿಗುತ್ತದೆ. ಅದರ ಹತ್ತಿರಕ್ಕೆ ಬರುವುದು ಎಡಿಟಿಂಗ್‌ಗೆ ಬಳಸುವ ಕಾಂಟೂರ್ ಶಟಲ್‌ಎಕ್ಸ್‌ಪ್ರೆಸ್‌ನಂಥ ಚಕ್ರ. ಅದರ ಹೊರಬಳೆ ಕೈಬಿಟ್ಟರೆ ತಾನಾಗಿ ನಡುವಿಗೆ ಬರುತ್ತದೆ, ಐದು ಗುಂಡಿಗಳಿವೆ. ಒಳಗಿನ ಚಕ್ರದ ಒಂದೊಂದು ಹಲ್ಲಿಗೆ ಮೇಲೆ ಕೆಳಗೆ ಬಾಣದ ಕೀಗಳನ್ನು ಕೊಟ್ಟು, ನಿಲ್ಲಿಸುವ ಕೀಯನ್ನು ಹೆಬ್ಬೆರಳಿಗೆ ಸಿಗುವ ಗುಂಡಿಗೆ ಕೊಡಿ. ಅಷ್ಟು ಖರ್ಚು ಬೇಡವೆಂದರೆ ಹಲ್ಲುಚಕ್ರ ಇರುವ ಸಾಧಾರಣ ಮೌಸ್ ಸಾಕು. ಸ್ಕ್ರಾಲ್ ಮಾಡಿದಾಗ ಪಠ್ಯ ಸರಿಯುವ ಬದಲು ವೇಗ ಬದಲಾಗುವಂತೆ ಮಾಡುವ ಆಯ್ಕೆ ಕ್ಯೂಪ್ರಾಂಪ್ಟ್‌ನಲ್ಲಿದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಿಂದ ಮಾತ್ರ ನಡೆಸಬೇಡಿ.

ಕೀ ಗುರುತುಗಳು ಇದರಲ್ಲಿ ನಮಗೆ ಬಲು ಮೆಚ್ಚುಗೆಯಾದ ಸಂಗತಿ. ಪ್ರತಿ ಸುದ್ದಿಯ ತಲೆಯಲ್ಲಿ ಒಂದು ಗುರುತು ಇಟ್ಟು ಅದಕ್ಕೊಂದು ಕೀ ಕೊಟ್ಟರೆ, ಪ್ರಸಾರದ ನಡುವೆ ಆ ಕೀ ಒತ್ತಿದ ತಕ್ಷಣ ಪಠ್ಯ ಅಲ್ಲಿಗೆ ಹೋಗುತ್ತದೆ. ಬುಲೆಟಿನ್ ನಡೆಸುವ ಪ್ಯಾನೆಲ್ ಪ್ರೊಡ್ಯೂಸರ್ ಟಾಕ್‌ಬ್ಯಾಕ್‌ನಲ್ಲಿ (ಕಿವಿಗೆ ಬರುವ ಒಳಮಾತಿನ ಲೈನಿನಲ್ಲಿ) 'ನಾಲ್ಕು ಬಿಡಿ, ಏಳಕ್ಕೆ ಹೋಗಿ' ಎಂದರೆ ಅರ್ಧ ಸೆಕೆಂಡಿನ ಕೆಲಸ. ಹಾರುವ ಮುನ್ನ ವೇಗ ಸೊನ್ನೆಗೆ ತಂದುಕೊಳ್ಳಿ. ಪ್ರಾಂಪ್ಟರ್ ಓಡುತ್ತಿರುವಾಗಲೇ, ಅದರಿಂದ ಹೊರಬಾರದೆ, ತಪ್ಪು ತಿದ್ದಲೂ ಬರುತ್ತದೆ. ಆದರೆ ಆಂಕರ್ ಓದುತ್ತಿರುವ ಪ್ಯಾರಾದಲ್ಲಿ ಕೈ ಹಾಕಬಾರದು: ಒಂದು ಪದ ಸೇರಿದರೆ ಸಾಲುಗಳು ಮತ್ತೆ ಜೋಡಣೆಯಾಗಿ ಪಠ್ಯ ಕಣ್ಣೆದುರೇ ಜಿಗಿಯುತ್ತದೆ. ಬೈಟ್ ಓಡುವಾಗ, ಬ್ರೇಕಿನಲ್ಲಿ, ಮುಂದಿನ ಸುದ್ದಿಯಲ್ಲಿ ತಿದ್ದಿ. ಉಳಿದ ಸಮಯ ತೋರಿಸುವ ಗಡಿಯಾರವೂ ಇದೆ. ಅದು ಆ ಕ್ಷಣದ ವೇಗದ ಮೇಲೆ ಲೆಕ್ಕ ಹಾಕುವುದರಿಂದ ಬೈಟ್‌ಗಳ ನಡುವೆ ನಿಂತುನಿಂತು ಸಾಗುವ ಬುಲೆಟಿನ್‌ಗೆ ಅದನ್ನು ನೆಚ್ಚಬಾರದು. ಒಂದೇ ಉಸಿರಿನ ಭಾಷಣಕ್ಕೆ, ಪಾಠಕ್ಕೆ ಸರಿಹೋಗುತ್ತದೆ.

ಗಾಜಿನಲ್ಲಿ ಪ್ರತಿಫಲಿಸಿದ ಪಠ್ಯ ಉಲ್ಟಾ ಆಗುವುದರಿಂದ ಮೊದಲೇ ತಿರುವಿ ಕಳಿಸಬೇಕು; ಈ ಕನ್ನಡಿ ಬಿಂಬದ ವಿಷಯದಲ್ಲಿ ಕ್ಯೂಪ್ರಾಂಪ್ಟ್ ಅಚ್ಚುಕಟ್ಟು. ಆಪರೇಟರ್ ಪರದೆಯಲ್ಲಿ ಪಠ್ಯ ನೇರವಾಗಿಯೇ ಇದ್ದು, ಪ್ರಾಂಪ್ಟರ್ ಪರದೆಗೆ ಮಾತ್ರ ತಿರುವಿ ಕಳಿಸಬಹುದು; ಎರಡು ಮೂರು ಕ್ಯಾಮೆರಾಗಳಿಗೆ ಬೇರೆಬೇರೆ ತಿರುವು ಕೊಡಬಹುದು. ವಿಂಡೋಸ್‌ನಲ್ಲಿ ಪರದೆಗಳನ್ನು 'ಡೂಪ್ಲಿಕೇಟ್' ಬದಲು 'ಎಕ್ಸ್‌ಟೆಂಡ್'ನಲ್ಲಿ ಇಡಬೇಕು. ಅಡ್ಡ ತಿರುವೋ ಉದ್ದ ತಿರುವೋ ಎಂಬುದು ಮಾನಿಟರನ್ನು ಗಾಜಿನ ಕೆಳಗೆ ಯಾವ ಕಡೆಗೆ ತಲೆಯಿಟ್ಟು ಕೂರಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಮಾನಿಟರಿನಲ್ಲೇ ತಿರುವುವ ಗುಂಡಿ ಇದ್ದರೆ ಅದನ್ನು ಆಫ್ ಮಾಡಿಡಿ. ಎರಡೂ ಕಡೆ ತಿರುವಿದರೆ ಮಾನಿಟರ್ ಮೇಲೆ ಸರಿಯಾಗಿ ಕಂಡು ಗಾಜಿನಲ್ಲಿ ಉಲ್ಟಾ ಆಗುತ್ತದೆ. ಹಾಗಾಗಿ ಮಾನಿಟರ್ ನೋಡಿ ಒಪ್ಪಬೇಡಿ, ಆಂಕರ್ ಕುರ್ಚಿಯಲ್ಲಿ ಕೂತು ಗಾಜು ನೋಡಿ.

ಕಂಪ್ಯೂಟರ್‌ನಿಂದ ಕ್ಯಾಮೆರಾವರೆಗೆ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿಣಮಿಣ ಎನ್ನಲು ಶುರುವಾಗಬಹುದು. ಅಲ್ಲಿಂದಾಚೆಗೆ ಸ್ಟುಡಿಯೊಗಳಲ್ಲಿ ದೂರದ ಕೇಬಲ್‌ಗೆ ಬಳಸುವ ಎಸ್‌ಡಿಐಗೆ ಪರಿವರ್ತಿಸಿ ಕಳಿಸಿ. ಪರಿವರ್ತಿಸುವಾಗ ಸ್ಟುಡಿಯೊದ ಉಳಿದೆಲ್ಲವೂ 1080ಐ50 ಎಂದು ಇದನ್ನೂ ಅದಕ್ಕೇ ಇಡುತ್ತಾರೆ. ಅಂಥ ಇಂಟರ್‌ಲೇಸ್ ಆದ, ಅಂದರೆ ಒಂದು ಬಿಟ್ಟು ಒಂದು ಗೆರೆ ಸರದಿಯಲ್ಲಿ ಮೂಡುವ, ಚಿತ್ರದಲ್ಲಿ ಮೇಲಕ್ಕೆ ಹರಿಯುವ ಅಕ್ಷರದ ಅಂಚು ಬಾಚಣಿಗೆ ಹಲ್ಲಿನಂತೆ ಸೀಳುತ್ತದೆ, ಒತ್ತಕ್ಷರ ಕಲಸಿಹೋಗುತ್ತದೆ. ಪ್ರಾಂಪ್ಟರ್ ಚಿತ್ರ ಪ್ರಸಾರಕ್ಕೆ ಹೋಗುವುದಿಲ್ಲವಾದ್ದರಿಂದ ಅದು ಸ್ಟುಡಿಯೊ ಜೊತೆ ಹೊಂದಬೇಕಾದ ಅಗತ್ಯವೇ ಇಲ್ಲ. ಪೂರ್ತಿ ಚಿತ್ರ ಒಮ್ಮೆಗೇ ಮೂಡುವ 1080ಪಿ50 ಅಥವಾ 60 ಇಡಿ.

ಸಾಫ್ಟ್‌ವೇರ್ ಉಚಿತವೆಂದು ಉಳಿದ ಹಣವನ್ನು ಗಾಜಿಗೂ ಮಾನಿಟರಿಗೂ ಹಾಕಿ. ಅರೆಪಾರದರ್ಶಕ ಗಾಜು 70:30 ಆಗಿದ್ದರೆ ನೂರರಲ್ಲಿ 70 ಪಾಲು ಬೆಳಕು ಲೆನ್ಸಿಗೆ, 30 ಪಾಲು ಪ್ರತಿಫಲನಕ್ಕೆ. ಕ್ಯಾಮೆರಾಗೆ ಅರ್ಧ ಸ್ಟಾಪ್ ನಷ್ಟ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). 60:40 ಆದರೆ ಮುಕ್ಕಾಲು ಸ್ಟಾಪ್. 300 ನಿಟ್ಸ್ (ಪರದೆಯ ಹೊಳಪಿನ ಅಳತೆ) ಇರುವ ಮಾಮೂಲಿ ಮಾನಿಟರ್ 70:30 ಗಾಜಿನಲ್ಲಿ 90 ನಿಟ್ಸ್ ಆಗಿ ಆಂಕರ್‌ಗೆ ಕಾಣುತ್ತದೆ: ಒಳಾಂಗಣಕ್ಕೆ ಸಾಕು, ವಿಧಾನಸೌಧದ ಮುಂದೆ ಬಿಸಿಲಿನಲ್ಲಿ ಸಾಲದು, ಅಲ್ಲಿ 1000 ನಿಟ್ಸ್ ಮೇಲಿನದೇ ಬೇಕು. ಸಾದಾ ಗಾಜು ಅಥವಾ ಅಕ್ರಿಲಿಕ್ ಹಾಕಿದರೆ ಎರಡೂ ಮೈಯಿಂದ ಪ್ರತಿಫಲಿಸಿ ಪ್ರತಿ ಅಕ್ಷರಕ್ಕೂ ಮಸುಕಾದ ಜೋಡಿ ಕಾಣುತ್ತದೆ. ಲೇಪನವಿರುವ ಗಾಜಿನಲ್ಲೂ ಲೇಪನದ ಮೈ ಆಂಕರ್ ಕಡೆಗಿರದೆ ಹಿಂದುಮುಂದಾದರೆ ಇದೇ ತೊಂದರೆ. ಕಪ್ಪು ಪರದೆಯಲ್ಲಿ ಒಂದೇ ಒಂದು ದೊಡ್ಡ 'ಕ' ಹಾಕಿ ನೋಡಿದರೆ ಜೋಡಿ ಬಿಂಬ ಕೂಡಲೇ ಗೊತ್ತಾಗುತ್ತದೆ. ಟ್ಯಾಬ್ಲೆಟ್ ಬಳಸುವವರಿಗೆ ಒಂದು ಮಾತು: ಎಲ್‌ಸಿಡಿಯ ಬೆಳಕು ಧ್ರುವೀಕರಣಗೊಂಡಿರುವುದರಿಂದ ಕೆಲವು ಪರದೆಗಳು ಅಡ್ಡ ಇಟ್ಟಾಗ ಒಂದು ರೀತಿ, ಉದ್ದ ಇಟ್ಟಾಗ ಇನ್ನೊಂದು ರೀತಿ ಪ್ರತಿಫಲಿಸುತ್ತವೆ. ಮಂಕಾಗಿ ಕಂಡರೆ 90 ಡಿಗ್ರಿ ತಿರುಗಿಸಿ ನೋಡಿ.

ವೈಟ್ ಬ್ಯಾಲೆನ್ಸ್ ಮಾಡುವುದು ಗಾಜು ಹಾಕಿದ ಮೇಲೆಯೇ. ಒಂದು ಕ್ಯಾಮೆರಾಗೆ ಪ್ರಾಂಪ್ಟರ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಐರಿಸ್ ಹೊಂದಿಸಿಕೊಳ್ಳಿ, ಇಲ್ಲವಾದರೆ ಕಟ್ ಮಾಡಿದಾಗ ಮುಖದ ಬಣ್ಣ ಬದಲಾಗುತ್ತದೆ. ಲೆನ್ಸಿನ ಸುತ್ತ ಕಪ್ಪು ಬಟ್ಟೆ ಬಿಗಿಯಾಗಿರಲಿ. ಹಿಂದಿನಿಂದ ಬೆಳಕು ನುಸುಳಿದರೆ ಗಾಜಿನ ಒಳಮೈಯಲ್ಲಿ ಕ್ಯಾಮೆರಾದ ಬಿಂಬವೇ ರೆಕಾರ್ಡ್ ಆಗುತ್ತದೆ.

ಈಗ ಕೊರತೆ. ಕ್ಯೂಪ್ರಾಂಪ್ಟ್‌ಗೆ ರನ್‌ಡೌನ್, ಅಂದರೆ ಬುಲೆಟಿನ್‌ನ ಸುದ್ದಿಗಳ ಕ್ರಮಪಟ್ಟಿ, ಗೊತ್ತಿಲ್ಲ. ಐನ್ಯೂಸ್, ಇಎನ್‌ಪಿಎಸ್, ಆಕ್ಟೋಪಸ್‌ನಂಥ ನ್ಯೂಸ್‌ರೂಮ್ ವ್ಯವಸ್ಥೆಯಿಂದ, ಅದನ್ನು ಇತರ ಸಾಧನಗಳಿಗೆ ಜೋಡಿಸುವ ಮಾಸ್ (ಎಂಒಎಸ್) ಪ್ರೋಟೊಕಾಲ್ ಮೂಲಕ, ಸುದ್ದಿ ತಾನಾಗಿ ಬಂದು ಕೂರುವುದಿಲ್ಲ. ಡೆಸ್ಕಿನಲ್ಲಿ ಸಂಪಾದಕರು ಸಾವಿನ ಸಂಖ್ಯೆ 4ರಿಂದ 6ಕ್ಕೆ ತಿದ್ದಿದರೆ ಪ್ರಾಂಪ್ಟರ್‌ನಲ್ಲಿ 4 ಹಾಗೆಯೇ ಇರುತ್ತದೆ, ಯಾರಾದರೂ ಬಂದು ಹೇಳುವವರೆಗೆ. ಗಂಟೆಗಂಟೆಗೆ ಬುಲೆಟಿನ್, ನಿಮಿಷಕ್ಕೊಂದು ಬ್ರೇಕಿಂಗ್ ಇರುವ ಕಡೆ ಇದು ನಿಜವಾದ ಅಪಾಯ. ಅಂಥವರು ಆಟೋಸ್ಕ್ರಿಪ್ಟ್‌ನ ವಿನ್‌ಪ್ಲಸ್‌ನಂಥ, ನ್ಯೂಸ್‌ರೂಮಿಗೆ ಜೋಡಿಸುವಂಥದ್ದನ್ನೇ ಕೊಳ್ಳಬೇಕು. ಕೊಳ್ಳುವ ಮುನ್ನ ಮೇಲೆ ಹೇಳಿದ ಮೂರು ಪದಗಳನ್ನು ಡೆಮೊದಲ್ಲಿ ಹಾಕಿಸಿ ನೋಡಬೇಕು.

ದಿನಕ್ಕೆ ಒಂದೆರಡು ಬುಲೆಟಿನ್ ಮಾಡುವ ಯೂಟ್ಯೂಬ್ ಸುದ್ದಿವಾಹಿನಿ, ಜಿಲ್ಲಾ ಕೇಬಲ್ ವಾಹಿನಿ, ಪತ್ರಿಕೋದ್ಯಮ ವಿಭಾಗದ ಸ್ಟುಡಿಯೊ, ಪಾಠ ರೆಕಾರ್ಡ್ ಮಾಡುವ ಶಿಕ್ಷಣ ಸಂಸ್ಥೆ, ಇವರಿಗೆಲ್ಲ ಕ್ಯೂಪ್ರಾಂಪ್ಟ್ ಧಾರಾಳವಾಗಿ ಸಾಕು. ಒಂದೇ ನಿಯಮ ಪಾಲಿಸಿ: ಪ್ರಸಾರಕ್ಕೆ 10 ನಿಮಿಷ ಮೊದಲು ಸ್ಕ್ರಿಪ್ಟ್ ಆಪರೇಟರ್ ಕೈಗೆ ಬಂದ ಮೇಲೆ ಬದಲಾವಣೆ ಏನಿದ್ದರೂ ಒಬ್ಬರೇ, ಟಾಕ್‌ಬ್ಯಾಕ್‌ನಲ್ಲೇ ಹೇಳಬೇಕು. ಇಬ್ಬರು ಹೇಳಿದರೆ ಎರಡು ಆವೃತ್ತಿಗಳಾಗುತ್ತವೆ.

ಕಂಪ್ಯೂಟರಿನ ವಿಂಡೋಸ್ ಅಪ್‌ಡೇಟ್, ನೋಟಿಫಿಕೇಷನ್, ಸ್ಕ್ರೀನ್‌ಸೇವರ್, ಸ್ಲೀಪ್ ಎಲ್ಲ ಆಫ್ ಮಾಡಿ. ಪ್ರಾಂಪ್ಟರ್ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆಯಲೇಬೇಡಿ. ಕಂಪ್ಯೂಟರನ್ನೂ ಪ್ರಾಂಪ್ಟರ್ ಮಾನಿಟರನ್ನೂ ಒಂದೇ ಯುಪಿಎಸ್‌ಗೆ ಹಾಕಿ. ಮುದ್ರಿತ ಪ್ರತಿ ಆಂಕರ್ ಮೇಜಿನ ಮೇಲೆ ಇರಲೇಬೇಕು, ಮತ್ತು ಅದರ ಪುಟಸಂಖ್ಯೆ ಪ್ರಾಂಪ್ಟರ್‌ನ ಕೀ ಗುರುತುಗಳ ಸಂಖ್ಯೆಗೆ ಸರಿಹೊಂದಬೇಕು: ಏಳನೆಯ ಸುದ್ದಿ ಏಳನೆಯ ಹಾಳೆ, ಸುದ್ದಿ ಅರ್ಧ ಪುಟವೇ ಆಗಿದ್ದರೂ ಒಂದು ಹಾಳೆಗೆ ಒಂದೇ. ಪರದೆ ಆರಿದಾಗ ಫ್ಲೋರ್ ಮ್ಯಾನೇಜರ್ ಬೆರಳಲ್ಲಿ ಏಳು ತೋರಿಸಿದರೆ ಆಂಕರ್‌ಗೆ ಯಾವ ಹಾಳೆ ಎಂದು ತಿಳಿಯುತ್ತದೆ.